ಒಂದು ಪುಷ್ಕರಕ್ಕೆ ಎರಡು ಸುತ್ತು

ಮಾಸ್ತರರ ಬಲಗೈ ತೋರುಬೆರಳಿನ ಒಳಮಗ್ಗುಲಲ್ಲಿ ಒಂದು ಸಣ್ಣ ಗೀರು ಇತ್ತು. ಚಿಕ್ಕಂದಿನಲ್ಲಿ ರೇಷ್ಮೆಯ ಎಳೆ ಎಳೆದೆಳೆದು ಬಿದ್ದದ್ದು. ಸೀಮೆಸುಣ್ಣದ ಪುಡಿ ಅದರೊಳಗೆ ಕೂತುಬಿಟ್ಟಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಕೈ ಎತ್ತಿ ಮಾತಾಡಿದರೆ ಬೆರಳಿಗೆ ಬಿಳಿ ದಾರ ಕಟ್ಟಿಕೊಂಡಂತೆ ಕಾಣುತ್ತಿತ್ತು. ಕುರ್ಚಿಯಿಂದ ಏಳುವ ಮೊದಲು ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ, ಕಣ್ಣು ಮುಚ್ಚಿ, "ಏಳೋಣೇನಪಾ?" ಎಂದು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಒಳಗಿನಿಂದ ಒಪ್ಪಿಗೆ ಬಂದ ಮೇಲೆಯೇ ಏಳುತ್ತಿದ್ದರು. ಕೆಲವು ದಿನ ಒಪ್ಪಿಗೆ ಬರಲು ತಡವಾಗುತ್ತಿತ್ತು.

ಅವರು ನಾರಾಯಣಪೇಟೆಯ ಸರ್ಕಾರಿ ಶಾಲೆಯಲ್ಲಿ ಗಣಿತದ ಮಾಸ್ತರರು. ನಾನು ಅದೇ ಶಾಲೆಗೆ ಹೊಸದಾಗಿ ಸೇರಿದ ಕಿರಿಯ ಮಾಸ್ತರ. ನಿಜಾಮರ ಸರ್ಕಾರದಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮಕ್ಕಳ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಶಾಲೆಯ ಹೊಸ್ತಿಲು ದಾಟಿದರೆ ಉರ್ದು. ಹೀಗೆ ದಿನಕ್ಕೆ ನಾಲ್ಕು ಸಲ ನಾಲಿಗೆ ಬದಲಿಸಿ ಮಕ್ಕಳೂ ನಾವೂ ದಣಿದಿರುತ್ತಿದ್ದೆವು. ಮಾಸ್ತರರು ಎಲ್ಲರಿಗಿಂತ ಹೆಚ್ಚು ದಣಿದಿದ್ದರು. ನನಗೆ ದಿನಚರಿ ಬರೆಯುವ ಚಟ. ಸರ್ಕಾರಿ ತಿಂಗಳು ಒಂದು ಕಡೆ, ನಮ್ಮ ಮಾಸ ಒಂದು ಕಡೆ ಹಾಕಿ, ಮಳೆ ಬಂದದ್ದು, ಯಾರು ಬಂದರು, ಎಷ್ಟು ಮಕ್ಕಳು ಕೂತರು ಎಂದು ಗುರುತು ಮಾಡುತ್ತೇನೆ. ಅವರ ಬಗ್ಗೆ ಬರೆದ ಪುಟಗಳನ್ನು ಈಗ ತಿರುವಿದರೆ "ಮಾಸ್ತರರಿಗೆ ಆಯಾಸ" ಎನ್ನುವುದೇ ಹೆಚ್ಚು ಕಾಣುತ್ತದೆ.

ಅವರು ಗದ್ವಾಲದ ನೇಕಾರರ ಮನೆಯವರು. ಓದಲು ಹೈದರಾಬಾದಿಗೆ ಹೋದಾಗ ಹೊಟ್ಟೆಪಾಡಿಗೆಂದು ನಕ್ಷತ್ರ ನೋಡುವ ಮನೆಯೊಂದರಲ್ಲಿ ಕೆಲವು ತಿಂಗಳು ಕೆಲಸ ಮಾಡಿದ್ದರಂತೆ. ಆಕಾಶದ ಚಿತ್ರ ಹಿಡಿದ ಗಾಜಿನ ಹಲಗೆಗಳ ಮೇಲೆ ಚುಕ್ಕೆಗಳ ಅಂತರ ಅಳೆಯುವ ಕೆಲಸ. ಒಂದು ದಿನ ಚುಕ್ಕೆಗಳ ನಡುವೆ ಒಂದು ಸಣ್ಣ ಗೆರೆ ಕಂಡಿತು. ಗಾಜು ಗೀಚಿದೆ ಎಂದುಕೊಂಡರು. ಮೇಲಿನವರು ನೋಡಿ, ಅದು ಗೀಚಲ್ಲ, ಸಣ್ಣ ಗ್ರಹ, ಚಿತ್ರ ಹಿಡಿಯುವಷ್ಟರಲ್ಲಿ ಅದು ನಡೆದುಬಿಟ್ಟಿದೆ ಎಂದರಂತೆ. "ಎಲ್ಲಾ ಚುಕ್ಕಿ ಕುಂತಿದ್ವು, ಅದೊಂದ ನಡೀತಿತ್ತು. ನೋಡಿ ಸಂಕಟ ಆತು," ಎಂದು ನನ್ನೊಡನೆ ಒಮ್ಮೆ ಹೇಳಿದ್ದರು. ಅಂದಿನಿಂದ ಅವರಿಗೆ ಆ ಸಣ್ಣ ಗ್ರಹಗಳ ಹುಚ್ಚು ಹಿಡಿಯಿತು. ಮಂಗಳನಿಗೂ ಗುರುವಿಗೂ ನಡುವೆ ಸಾವಿರಗಟ್ಟಲೆ ಕಲ್ಲುಬಂಡೆಗಳು ಸೂರ್ಯನನ್ನು ಸುತ್ತುತ್ತವೆ ಎಂದೂ, ಅವುಗಳ ನಡುವೆ ಕೆಲವು ಹಾದಿಗಳು ಮಾತ್ರ ಖಾಲಿ ಬಿದ್ದಿವೆ ಎಂದೂ ನಾನು ಮೊದಲು ಕೇಳಿದ್ದು ಅವರಿಂದಲೇ.

ಅವರ ನೌಕರಿಯೂ ತಿರುಗಾಟವೇ ಆಗಿತ್ತು. ನಾರಾಯಣಪೇಟೆ, ಮಖ್ತಲ್, ಗದ್ವಾಲ, ಮತ್ತೆ ಮಖ್ತಲ್, ಮತ್ತೆ ನಾರಾಯಣಪೇಟೆ. ಪ್ರತಿ ವರ್ಗಾವಣೆಗೂ ಒಂದು ಗಾಡಿ ಸಾಮಾನು ಕಡಿಮೆಯಾಗುತ್ತಾ ಬಂದು ಕಡೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಉಳಿದಿದ್ದವು. ಹೆಂಡತಿ ಮಖ್ತಲಿನಲ್ಲಿದ್ದಾಗ ತೀರಿಕೊಂಡಿದ್ದರು. ಉಳಿದವಳು ಮಗಳೊಬ್ಬಳೇ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಅಕ್ಕನನ್ನು ಗದ್ವಾಲಕ್ಕೇ ಕೊಟ್ಟಿದ್ದರು. ಗಂಡ ಬೇಗ ಹೋದ. ಅತ್ತೆಮನೆಯವರು ಅವಳನ್ನು ಹಿಂದಿನ ಕೋಣೆಗೆ ಸೇರಿಸಿದರು. ಕಂಡಿಗೆಗೆ ನೂಲು ಸುತ್ತುವುದು, ಬಾಗಿಲು ಸಾರಿಸುವುದು, ಯಾರಾದರೂ ಬಂದರೆ ಒಳಗೆ ಸರಿಯುವುದು. ಮಗ್ಗ ಮಾತ್ರ ಮುಟ್ಟುವಂತಿಲ್ಲ. ವಿಧವೆ ಮುಟ್ಟಿದರೆ ಅವರಿಗೆ ಅಪಶಕುನ. ಮಾಸ್ತರರು ನಾರಾಯಣಪೇಟೆಗೆ ಬಂದ ಮೇಲೆ ಜ್ವರದ ನೆವ ಹೇಳಿ ಅವಳನ್ನು ಕರೆತಂದವರು ತಿರುಗಿ ಕಳಿಸಲಿಲ್ಲ. ಬಾಡಿಗೆ ಮನೆಯ ಪಡಸಾಲೆಯಲ್ಲಿ ಮಾಲೀಕನ ಕೈಕಾಲು ಹಿಡಿದು ತಗ್ಗು ತೋಡಿಸಿ ಕುಣಿ ಮಗ್ಗ ಹೂಡಿದರು. ಅಕ್ಕ ಆ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತು ನಾರಾಯಣಪೇಟೆಯ ಚೌಕಳಿ ಸೀರೆ ನೇಯತೊಡಗಿದಳು. ಮೊದಲ ಸೀರೆ ಇಳಿದ ದಿನ ಮಾಸ್ತರರು ಶಾಲೆಗೆ ಪೇಡೆ ತಂದಿದ್ದರು. ಯಾಕೆಂದು ಯಾರಿಗೂ ಹೇಳಲಿಲ್ಲ.

"ಟ್ರಂಕ್ ಹೊರಬಹುದು, ಹಾಸಿಗಿ ಹೊರಬಹುದು. ತಗ್ಗು ಹೊರಾಕ ಬರತೈತೇನು? ಇನ್ನೊಂದು ತಬಾದ್ಲಾ ಬಂತಂದ್ರ ಆಕಿನ ನಾ ಎಲ್ಲಿ ಬಿಡ್ಲಿ?" ಎನ್ನುತ್ತಿದ್ದರು. ವರ್ಗಾವಣೆಯನ್ನು ನಮ್ಮಲ್ಲಿ ತಬಾದ್ಲಾ ಎನ್ನುತ್ತಾರೆ. ಆ ಮಾತು ಬಂದರೆ ಅವರ ದನಿ ಇಳಿಯುತ್ತಿತ್ತು. ಅವರಿಗೆ ಬಡ್ತಿ ಬೇಕಿರಲಿಲ್ಲ, ಹೆಸರು ಬೇಕಿರಲಿಲ್ಲ. ಪಿಂಚಣಿಯವರೆಗೆ ಯಾರ ಕಣ್ಣಿಗೂ ಬೀಳದೆ ನಾರಾಯಣಪೇಟೆಯಲ್ಲಿ ಉಳಿದರೆ ಸಾಕಿತ್ತು.

ಅಂಥವರು ಇಡೀ ಊರಿನ ಕಣ್ಣಿಗೆ ಬಿದ್ದದ್ದು ಒಂದು ಮಾತಿನಿಂದ.

ಸರ್ಕಾರಿ ಲೆಕ್ಕದಲ್ಲಿ ಮೆಹರ್ ತಿಂಗಳು, ನಮ್ಮ ಶ್ರಾವಣ. ಮಠದಲ್ಲಿ ರಾಯಚೂರು ಕಡೆಯ ಗಮಕಿಗಳೊಬ್ಬರು ದಿನಾ ಸಂಜೆ ಪುರಾಣ ಓದುತ್ತಿದ್ದರು. ಮಳೆಯಲ್ಲಿ ನೆನೆದು ಅವರ ಗಂಟಲು ಕಟ್ಟಿತು. ಮಠದ ಉಸ್ತುವಾರಿ ನೋಡುತ್ತಿದ್ದ ಶೆಟ್ಟರು ಸೀರೆ ವ್ಯಾಪಾರಿ. ಅಕ್ಕನ ಸೀರೆಗಳನ್ನು ಕೊಳ್ಳುತ್ತಿದ್ದವರೂ ಅವರೇ. ಬಜಾರಿನಲ್ಲಿ ಮಾಸ್ತರರ ಕಂಕುಳಲ್ಲಿ ದಪ್ಪ ಪುಸ್ತಕ ಕಂಡು ನಿಲ್ಲಿಸಿದರು. ನಾನೂ ಜೊತೆಗಿದ್ದೆ.

"ಏನು ಓದಾಕತ್ತೀರಿ ಮಾಸ್ತರ?"

"ಗಮಕ್ ಬಗ್ಗೆ ಓದಾಕತ್ತೀನ್ರಿ."

ಇಲ್ಲೇ ಎಡವಟ್ಟಾಯಿತು. ಒಂದು ವಸ್ತುವನ್ನು ಅದರದೇ ಲಯಕ್ಕೆ ಸರಿಯಾಗಿ ಮತ್ತೆ ಮತ್ತೆ ತಳ್ಳಿದರೆ ಸಣ್ಣ ತಳ್ಳು ದೊಡ್ಡದಾಗುತ್ತದಲ್ಲ, ಆ ತತ್ತ್ವಕ್ಕೆ ಉರ್ದು ವಿಜ್ಞಾನದ ಪುಸ್ತಕಗಳಲ್ಲಿ 'ಗಮಕ್' ಎಂದು ಹೆಸರು. ಮಾಸ್ತರರು ಕಲಿತದ್ದು ಉರ್ದುವಿನಲ್ಲಿ, ಅವರಿಗೆ ಬೇರೆ ಶಬ್ದ ಗೊತ್ತಿರಲಿಲ್ಲ. ಶೆಟ್ಟರಿಗೆ ಗಮಕ ಎಂದರೆ ರಾಗವಾಗಿ ಕಾವ್ಯ ಓದುವುದು. ಅವರಿಗೂ ಬೇರೆ ಅರ್ಥ ಗೊತ್ತಿರಲಿಲ್ಲ.

"ನಿಮಗ ಗಮಕ ಬರತೈತೇನ್ರಿ? ಇಷ್ಟು ವರ್ಷ ಬಾಯಿ ಬಿಡಲಿಲ್ಲಲ್ಲ!" ಶೆಟ್ಟರು ಅವರ ಎರಡೂ ಕೈ ಹಿಡಿದುಕೊಂಡರು. "ನಾಳಿ ಸಂಜಿಗೆ ಮಠದಾಗ ನಿಮ್ಮದು ಇಡೂಣು. ಒಲ್ಲೆ ಅನಬ್ಯಾಡ್ರಿ."

ಮಾಸ್ತರರು ಬೆರಗಾದರು. ಮನೆಯ ತಿರುವಿನಲ್ಲಿ, "ನಮ್ಮೂರಿನ ಮಂದೀಗೆ ಇದರಾಗ ಇಷ್ಟು ಆಸಕ್ತಿ ಐತಿ ಅಂತ ನನಗ ಗೊತ್ತ ಇರ್ಲಿಲ್ಲ ನೋಡಪಾ," ಎಂದರು. ಆಗ ಅವರ ಮುಖದಲ್ಲಿದ್ದ ಬೆಳಕನ್ನು ನಾನು ಮತ್ತೆ ನೋಡಲಿಲ್ಲ. ನನಗೂ ಆಗ ಏನೂ ಹೊಳೆಯಲಿಲ್ಲ. ನಾನೂ ಗಮಕ್ ಎಂದೇ ಕಲಿತವನು.

ಮರುದಿನ ಬೆಳಿಗ್ಗೆ ಡಂಗುರದವನು ಓಣಿ ಓಣಿಯಲ್ಲಿ ಕೂಗಿದ. "ಕೇಳ್ರಪ್ಪೋ ಕೇಳ್ರಿ! ಸಂಜಿಗೆ ಮಠದಾಗ ಗಣಿತದ ಮಾಸ್ತರ್ದು ಗಮಕ ಐತಿ! ಅಕ್ಕಗಳು ಅವ್ವಗಳು ಎಲ್ಲಾರೂ ಬರಬೇಕ್ರಿ!"

ಬಂದರು. ವ್ಯಾಪಾರಿಗಳು ಶಾಲು ಹೊದ್ದು ಬಂದರು, ಬೀರಪ್ಪನ ಗುಡಿಯ ಕಡೆಯ ಕುರುಬರು ಕಂಬಳಿ ಹಾಕಿಕೊಂಡು ಬಂದರು, ನೇಕಾರ ಹೆಂಗಸರು ಅಕ್ಕನನ್ನೂ ಎಳೆದುಕೊಂಡು ಬಂದರು. ಹಾರ್ಮೋನಿಯಂನವನು ಮಾಸ್ತರರ ಪಕ್ಕದಲ್ಲಿ ಕೂತು ಶ್ರುತಿ ಹಿಡಿದ. ಅದು ತಮ್ಮ ನಂತರದ ಭಜನೆಗೆ ಇರಬೇಕೆಂದು ಮಾಸ್ತರರು ತಿಳಿದರು. ಆ ಗುಂಯ್ ಎನ್ನುವ ಸದ್ದಿನ ನಡುವೆಯೇ ಶುರು ಮಾಡಿದರು.

"ಕೃಷ್ಣಾ ನದಿಗೆ ಹನ್ನೆರಡು ವರ್ಷಕ್ಕೊಮ್ಮೆ ಪುಷ್ಕರದ ಪುಣ್ಯಸ್ನಾನ ಯಾಕ ಬರತೈತಿ ಗೊತ್ತಲ್ರಿ? ಗುರು ಒಂದು ಸುತ್ತು ಮುಗಿಸಿ ಅದ ರಾಶಿಗೆ ಬರಾಕ ಹನ್ನೆರಡು ವರ್ಷ ಹಿಡೀತೈತಿ. ಗುರು ಅಂದ್ರ ಭಾಳ ದೊಡ್ಡಾವ. ಅವನ ಒಳಗಿನ ಸುತ್ತಿನಾಗ ಸಣ್ಣ ಸಣ್ಣ ಬಂಡಿಗಲ್ಲು ತಿರುಗತಾವ."

ಎಲ್ಲರೂ ತಲೆದೂಗಿದರು. ಪುಷ್ಕರದಿಂದ ಶುರುವಾದದ್ದು ಒಳ್ಳೆಯದೇ ಆಯಿತು. ಸ್ವಲ್ಪ ಹೊತ್ತಾದ ಮೇಲೆ ಶೆಟ್ಟರು ಮುಂದಕ್ಕೆ ಬಾಗಿದರು. "ಮಾಸ್ತರ, ಪೀಠಿಕಿ ಭಾಳ ಚಲೋ ಆತು. ಈಗ ರಾಗ ತಗೋರಿ."

"ಎಂಥ ರಾಗ್ರಿ?"

"ಗಮಕ ಅಂದ್ರಲ್ರೀ!"

ಹಿಂದಿನಿಂದ ಯಾರೋ ತೆಲುಗಿನಲ್ಲಿ, "ಪಾಟ ಎಪ್ಪುಡು ಸಾರು?" ಎಂದು ಕೂಗಿದರು. ಹಾಡು ಯಾವಾಗ ಎಂದು. ಜನ ನಕ್ಕರು. ಮಾಸ್ತರರು ಹಾರ್ಮೋನಿಯಂನವನ ಕಡೆ ನೋಡಿದರು. ಅವನು ಇನ್ನಷ್ಟು ಗಾಳಿ ತುಂಬಿ, ಎತ್ತಿಕೊಳ್ಳಿ ಎನ್ನುವಂತೆ ಹುಬ್ಬು ಹಾರಿಸಿದ. ಆಗ ಅವರಿಗೆ ಎಲ್ಲ ತಿಳಿಯಿತು. ಎರಡೂ ಅಂಗೈ ಮೊಣಕಾಲ ಮೇಲೆ ಊರಿ ಕಣ್ಣು ಮುಚ್ಚಿದರು. ಎದ್ದು ಹೋಗುತ್ತಾರೆ ಎಂದುಕೊಂಡೆ. ಏಳಲಿಲ್ಲ.

"ನನಗ ಹಾಡಾಕ ಬರಂಗಿಲ್ರಿ. ನಾ ಹೇಳೋ ಗಮಕ್ ಬ್ಯಾರೆ. ಬಂದೀರಿ, ಸ್ವಲ್ಪ ಕೇಳಿ ಹೋಗ್ರಿ. ಅದರಾಗೂ ತಾಳ ಐತಿ."

ಜನ ಕೂತರು. ಹೊರಗೆ ಮಳೆಯೂ ಇತ್ತು.

"ಒಂದು ಕಲ್ಲು ಐತಿ ಅಂತ ತಿಳೀರಿ. ಗುರು ಒಂದು ಸುತ್ತು ಬರೋದ್ರಾಗ ಅದು ಸರಿಯಾಗಿ ಎರಡು ಸುತ್ತು ಬರತೈತಿ. ಹಂಗಾದ್ರ ಪ್ರತಿ ಪುಷ್ಕರಕ್ಕೂ ಗುರು ಅದಕ್ಕ ಅದ ಜಾಗಾದಾಗ ಭೇಟಿ. ಭೇಟಿ ಆದಾಗೊಮ್ಮೆ ಸ್ವಲ್ಪ ಎಳೀತಾನ. ಭಾಳ ಅಲ್ಲ, ಇಷ್ಟ. ಬ್ಯಾರೆ ಕಲ್ಲುಗಳನ್ನೂ ಎಳೀತಾನ, ಆದ್ರ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಲ್ಲಿಂದಲ್ಲಿಗೆ ಸರಿ ಹೋಗತೈತಿ. ಇದಕ್ಕ ಮಾತ್ರ ಯಾವಾಗ್ಲೂ ಒಂದ ಕಡೆ. ಹಿಂಗ ಸಾವಿರ ಸಾವಿರ ಪುಷ್ಕರ ಎಳದ್ರ ಅದರ ಹಾದಿ ಉದ್ದ ಆಗತೈತಿ, ಸೊಟ್ಟ ಆಗತೈತಿ. ಕಡೀಗೆ ಆ ಹಾದ್ಯಾಗ ಅದು ಇರಂಗಿಲ್ಲ. ಈಗ ದುರ್ಬೀನು ಹಚ್ಚಿ ನೋಡಿದ್ರ ಆ ಹಾದಿ ಖಾಲಿ."

ಒಬ್ಬ ಮುದಿ ಕುರುಬ ಕಂಬಳಿಯೊಳಗಿಂದ ತಲೆ ಎತ್ತಿದ. "ಮಾಸ್ತರ, ಗುರುಬಲ ಕೂಡಿ ಬಂದ್ರ ಮದುವಿ ಆಗತೈತಿ ಅಂತಾರ. ಇವಕ್ಕ ಊರು ಬಿಡಸತೈತೇನ್ರಿ?"

"ಮದುವಿ ಆದ್ರೂ ಊರ ಬಿಡತಾರಲ್ಲೋ ಯಪ್ಪಾ."

ಹೆಂಗಸರ ಕಡೆಯಿಂದ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ಮಾಸ್ತರರು ಅತ್ತ ನೋಡಿ, ಬೇಗ ಬೇರೆ ಕಡೆ ನೋಡಿದರು.

"ಹೋದವು ಎಲ್ಲಿ ಹೋದ್ವು?" ಕುರುಬ ಬಿಡಲಿಲ್ಲ. ಹಿಂಡಿನಿಂದ ತಪ್ಪಿದ ಕುರಿಯನ್ನು ವಿಚಾರಿಸುವ ದನಿ ಅದು.

"ಹೇಳಾಕ ಬರಂಗಿಲ್ಲ. ಆದ್ರ ಎಲ್ಲಾ ಹೋಗಂಗಿಲ್ಲ. ಗುರು ಎರಡು ಸುತ್ತು ಬರೋದ್ರಾಗ ಮೂರು ಸುತ್ತು ಬರೋ ಒಂದು ಹಿಂಡು ಐತಿ. ಅದಕ್ಕೂ ಇಂಥದ ಕಟ್ಟು. ಆದ್ರ ಗುರು ಸಮೀಪ ಬಂದಾಗೆಲ್ಲಾ ಅವು ಸೂರ್ಯನ ಕಡಿ ಸರದಿರತಾವ, ದೂರ. ಅದಕ್ಕ ಉಳಕೊಂಡಾವ."

"ಒಂದ ಕಟ್ಟು ಒಬ್ಬರನ್ನ ಓಡಸತೈತಿ, ಒಬ್ಬರನ್ನ ಉಳಸತೈತಿ," ಎಂದರು ಶೆಟ್ಟರು. "ಯಾಕ್ರಿ ಹಂಗ?"

"ನನಗ ಗೊತ್ತಿಲ್ರಿ. ದೊಡ್ಡ ದೊಡ್ಡೋರಿಗೂ ಇನ್ನೂ ಪೂರಾ ಗೊತ್ತಿಲ್ಲ."

ಮಾಸ್ತರನೊಬ್ಬ ತನಗೆ ಗೊತ್ತಿಲ್ಲ ಎಂದು ಮಠದಲ್ಲಿ ಹೇಳಿದ್ದು ಜನಕ್ಕೆ ಬಹಳ ಹಿಡಿಸಿತು. ಮಂಗಳಾರತಿ ಮಾಡಿ ತೆಂಗಿನಕಾಯಿ ಹೋಳು ಕೊಟ್ಟು ಕಳಿಸಿದರು. ಹಾರ್ಮೋನಿಯಂನವನೊಬ್ಬ ಮಾತ್ರ ಮುನಿಸಿಕೊಂಡಿದ್ದ.

ಅದು ಅಲ್ಲಿಗೇ ಮುಗಿಯಬೇಕಿತ್ತು. ಯಾರು ಹೋಗಿ ಹೇಳಿದರೋ ತಿಳಿಯದು. ಸರ್ಕಾರಿ ನೌಕರನೊಬ್ಬ ಇಜಾಜತ್ ಇಲ್ಲದೆ, ಎಂದರೆ ಅನುಮತಿ ಪಡೆಯದೆ, ಜನ ಕೂಡಿಸಿ ಕನ್ನಡದಲ್ಲಿ ತಕ್ರೀರ್ ಮಾಡಿದ್ದಾನೆ ಎಂದು ದೂರು ಹೋಯಿತು. ತಕ್ರೀರ್ ಎಂದರೆ ಭಾಷಣ. ಆ ದಿನಗಳಲ್ಲಿ ಭಾಷಣ ಎಂದರೆ ಸರ್ಕಾರಕ್ಕೆ ನಿದ್ದೆ ಬರುತ್ತಿರಲಿಲ್ಲ. ವಿದ್ಯಾ ಇಲಾಖೆಯ ಮೇಲಧಿಕಾರಿ ಸಾಹೇಬರೇ ಬಂದು ವಿಚಾರಣೆ ಮಾಡುತ್ತಾರೆ ಎಂದು ಸುದ್ದಿ ಬಂತು. ದೇವರ ಕಾರ್ಯವಾಗಿ ಮಠದಲ್ಲಿ ಪುರಾಣ ಓದಿದರೆ ಯಾವ ತಕರಾರೂ ಇಲ್ಲ. ತಕ್ರೀರ್ ಎಂದು ಸಾಬೀತಾದರೆ ದೂರದ ಊರಿಗೆ ತಬಾದ್ಲಾ, ಇಲ್ಲವೆ ನೌಕರಿಯೇ ಇಲ್ಲ. ಎರಡರಲ್ಲಿ ಯಾವುದಾದರೂ ಅಕ್ಕ ಮತ್ತೆ ಗದ್ವಾಲದ ಹಿಂದಿನ ಕೋಣೆಗೆ.

ಶೆಟ್ಟರು ಮಾಸ್ತರರ ಮನೆಗೆ ಬಂದು ಮಗ್ಗದ ಪಕ್ಕದಲ್ಲೇ ಕೂತರು.

"ಗಮಕ ಅನ್ರಿ ಮಾಸ್ತರ. ಊರೆಲ್ಲಾ ಗಮಕ ಅಂತೈತಿ. ಡಂಗುರದಾಗ ಗಮಕ ಅಂತ ಹೊಡಸೀನಿ. ಹಾರ್ಮೋನಿ ಇತ್ತು, ಆರತಿ ಆತು. ಇನ್ನೇನು ಬೇಕು?"

"ಅದು ಸುಳ್ಳಾಗತೈತಲ್ರಿ."

"ಎಲ್ಲಿ ಸುಳ್ಳು? ನೀವ ಬಜಾರದಾಗ ಗಮಕ್ ಅಂದ್ರಿ. ನಾ ಕೇಳೀನಿ. ಈ ಸಣ್ಣ ಮಾಸ್ತರ ಕೇಳ್ಯಾನ. ಅದನ್ನ ಸಾಹೇಬರ ಮುಂದ ಹೇಳ್ರಿ. ಒಂದು ಅಕ್ಷರ ಹೆಚ್ಚು ಬ್ಯಾಡ, ಕಡಿಮಿ ಬ್ಯಾಡ."

ಅಕ್ಕ ಲಾಳಿ ಕೈಯಲ್ಲಿ ಹಿಡಿದು ಎಸೆಯದೆ ಕೂತಿದ್ದಳು. "ಒಂದು ಶಬ್ದದಾಗ ನಿಂತು ಇನ್ನೊಂದು ಶಬ್ದದಾಗ ಉಳಕೋಬೇಕೇನ್ರಿ ನಾನು?" ಎಂದರು ಮಾಸ್ತರರು.

"ಅಪ್ಪಾ, ಉಳಕೋರಿ. ಯಾವ ಶಬ್ದದಾಗಾದ್ರೂ," ಎಂದಳು ಅಕ್ಕ.

ವಿಚಾರಣೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ನೀರು ಕೊಡುವ ನೆವದಲ್ಲಿ ನಾನು ಬಾಗಿಲ ಹತ್ತಿರ ನಿಂತಿದ್ದೆ. ಸಾಹೇಬರು ಔರಂಗಾಬಾದ್ ಕಡೆಯವರು, ಕನ್ನಡ ಬಾರದು. ಒರಟರಲ್ಲ. ಬಿಳಿ ಗಡ್ಡ, ಮೃದು ಮಾತು, ಬಾಯಿತುಂಬ ಪಾನು. ಕಾಗದ ನೋಡಿ ಉರ್ದುವಿನಲ್ಲಿ ಕೇಳಿದರು, "ಆ ಸಂಜೆ ಮಠದಲ್ಲಿ ನೀವು ಮಾಡಿದ್ದು ಏನು ಮಾಸ್ತರ್ ಸಾಹೇಬ್?"

"ಗಮಕ್, ಹುಜೂರ್."

ಸಾಹೇಬರ ಮುಖ ಅರಳಿತು; ಹಿಂದೂಸ್ತಾನಿ ಸಂಗೀತದಲ್ಲಿ ಸ್ವರ ಅಲುಗಿಸಿ ಹಾಡುವುದಕ್ಕೂ ಗಮಕ್ ಎನ್ನುತ್ತಾರೆ. "ಗಮಕ್? ನಿಮಗೆ ಸಂಗೀತ ಬರುತ್ತದೆಯೇ?" ಕಾಗದ ಪಕ್ಕಕ್ಕಿಟ್ಟು ಕುರ್ಚಿಗೆ ಒರಗಿದರು. "ಹಾಗಾದರೆ ಸ್ವಲ್ಪ ಕೇಳಿಸಿ."

ಇದನ್ನು ಯಾರೂ ಎಣಿಸಿರಲಿಲ್ಲ. ಮಾಸ್ತರರ ಬಾಯಿಂದ ನಾನು ಒಂದು ಸೊಲ್ಲು ಹಾಡು ಕೇಳಿದವನಲ್ಲ. ಅವರು ಗೋಡೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಮಗ್ಗದ ಮನೆಗಳಲ್ಲಿ ತಾಯಂದಿರು ಕಂಡಿಗೆ ಸುತ್ತುವಾಗ ಹಾಡುವ ದಾಟಿಯನ್ನು ಹಿಡಿದರು. ಒಡೆದ ದನಿ, ಎತ್ತರಕ್ಕೆ ಹೋಗದ ದನಿ. ಶಬ್ದಗಳನ್ನು ನಿಂತಲ್ಲೇ ಜೋಡಿಸಿಕೊಂಡರು:

ಸಣ್ಣದೊಂದು ಕಲ್ಲು ಬಾನಾಗ ತಿರುಗ್ಯಾದ
ಗುರು ಒಮ್ಮೆ ಬರುವಾಗ ತಾನೆರಡು ಸುತ್ತ್ಯಾದ
ಬಂದಾಗೊಮ್ಮೆ ಗುರುವಯ್ಯ ಕೈಹಿಡಿದು ಎಳದಾನ
ಎಳೆದೆಳೆದು ಹಾದಿ ಬಿಡಿಸ್ಯಾನ.

ಅದನ್ನೇ ಎರಡು ಸಲ ಹಾಡಿದರು. ಎರಡನೆಯ ಸಲ ಕೊನೆಯ ಸಾಲಿನಲ್ಲಿ ಉಸಿರು ಸಾಲದೆ ಸ್ವರ ನಡುಗಿತು. ಸಾಹೇಬರು ಅದನ್ನು ಕಸುಬುದಾರಿಕೆ ಎಂದು ತಿಳಿದು "ವಾಹ್" ಎಂದರು. ಬಾಗಿಲಲ್ಲಿದ್ದ ಜವಾನನಿಗೆ ಕನ್ನಡ ಬರುತ್ತಿತ್ತು. ಅವನು ನೆಲ ನೋಡುತ್ತಾ ನಿಂತ.

"ಯಾವ ದೇವರ ಹಾಡು ಇದು?"

"ಬೃಹಸ್ಪತಿಯದು, ಹುಜೂರ್."

"ಏನು ಹೇಳುತ್ತದೆ?"

"ದೊಡ್ಡವರು ಪ್ರೀತಿಯಿಂದ ಎಳೆದರೂ ಸಣ್ಣವರ ದಾರಿ ತಪ್ಪುತ್ತದೆ ಎಂದು ಹೇಳುತ್ತದೆ."

ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ದೂರು ಸುಳ್ಳು ಎಂದು ಅಲ್ಲೇ ಬರೆದರು. ಎದ್ದು ಮಾಸ್ತರರ ಹೆಗಲ ಮೇಲೆ ಕೈ ಇಟ್ಟು, ಇಂಥ ಕಂಠ ಈ ನೂಲಿನ ಪೇಟೆಯಲ್ಲಿ ಬಿದ್ದಿರಬಾರದು ಎಂದರು. ನಿಮ್ಮ ಸ್ವಂತ ಊರು ಯಾವುದು ಎಂದು ಕೇಳಿದರು. ಮಾಸ್ತರರು ಉತ್ತರ ಹೇಳಲು ತಡಮಾಡಿದರು. ಹೆಡ್ ಮಾಸ್ತರರು ಮುಂದೆ ಬಂದು, ಗದ್ವಾಲ ಎಂದುಬಿಟ್ಟರು.

ಸಂಜೆ ಶೆಟ್ಟರು ಊರಿಗೆಲ್ಲ ಮಂಡಕ್ಕಿ ಹಂಚಿದರು. ಮುಂದಿನ ತಿಂಗಳು ಗದ್ವಾಲಕ್ಕೆ ತಬಾದ್ಲಾ ಬಂತು. ಶಿಕ್ಷೆಯದಲ್ಲ, ಕೃಪೆಯದು. ಸಂಸ್ಥಾನದ ಊರು, ಕಲೆ ಬಲ್ಲವರ ಊರು, ಮುಪ್ಪಿನಲ್ಲಿ ನಿಮ್ಮವರ ಜೊತೆ ಇರಿ ಎಂದು ಸಾಹೇಬರೇ ಒಂದು ಸಾಲು ಕೈಯಾರೆ ಬರೆದಿದ್ದರು. ಮಾಸ್ತರರು ಅದನ್ನು ನನ್ನ ಕೈಗೆ ಕೊಟ್ಟು ಕೂತರು. ರದ್ದು ಮಾಡಿಸಲು ಅರ್ಜಿ ಕೊಟ್ಟೆವು. ಇಂಥ ಮೆಹರಬಾನಿಯನ್ನು ಯಾರಾದರೂ ಬೇಡ ಎನ್ನುತ್ತಾರೆಯೇ ಎಂದು ಕಚೇರಿಯವರು ನಕ್ಕು ಕಳಿಸಿದರು. ಕಾರಣ ಹೇಳುವಂತಿರಲಿಲ್ಲ. ವಿಧವೆ ಸೊಸೆ ಅತ್ತೆಮನೆಗೆ ಹೋಗಲೊಲ್ಲಳು ಎನ್ನುವುದು ಯಾವ ಕಚೇರಿಯಲ್ಲೂ ಕಾರಣವಾಗುವುದಿಲ್ಲ.

"ನಾ ಬರಂಗಿಲ್ಲ ಅಪ್ಪಾ," ಎಂದಳು ಅಕ್ಕ.

"ನಿನ್ನ ಬಾ ಅಂದಾವ್ರು ಯಾರವ್ವಾ?" ಎಂದರು ಅವರು.

ದಸರೆ ಕಳೆದ ಮೇಲೆ ಒಬ್ಬರೇ ಹೊರಟರು. ಅಕ್ಕನ ಜೊತೆ ಮಲಗಲು ಶೆಟ್ಟರ ಮನೆಯ ಮುದುಕಿಯೊಬ್ಬಳನ್ನು ಗೊತ್ತು ಮಾಡಿದ್ದರು. ಮಖ್ತಲಿನವರೆಗೆ ಬಸ್ಸು, ಅಲ್ಲಿಂದ ಗಾಡಿ, ಕೃಷ್ಣೆಯನ್ನು ಹರಿಗೋಲಿನಲ್ಲಿ ದಾಟಿ ಮತ್ತೆ ಗಾಡಿ. ನಾನು ಹೊಳೆಯ ದಡದವರೆಗೆ ಹೋದೆ. ಕೈಯೂರಿ, ಕಣ್ಣು ಮುಚ್ಚಿ, ತಮ್ಮನ್ನು ತಾವು ಕೇಳಿಕೊಂಡು ಹರಿಗೋಲು ಹತ್ತಿದರು.

ಗದ್ವಾಲದಲ್ಲಿ ಅವರು ಇಳಿದದ್ದು ಬೀಗರ ಓಣಿಯ ಎದುರಿನ ಓಣಿಯಲ್ಲಿ. ಬೇಕೆಂದೇ ಅಲ್ಲಿ ಮನೆ ಹಿಡಿದರು ಎಂದು ನನಗೆ ಆಮೇಲೆ ತಿಳಿಯಿತು. ಬೀಗರು ಗಾಡಿ ಕಟ್ಟಿಸಿಕೊಂಡು ನಾರಾಯಣಪೇಟೆಗೆ ಹೋಗಿ ಸೊಸೆಯನ್ನು ಕರೆತರುವ ಮಾತಾಡದಂತೆ ತಾವು ದಿನಾ ಅವರ ಕಣ್ಣೆದುರು ಓಡಾಡಬೇಕಿತ್ತು. ಕೇಳುವುದಿದ್ದರೆ ತಮ್ಮನ್ನೇ ಕೇಳಲಿ, ಅಲ್ಲೇ ಮುಗಿಯಲಿ ಎಂದು. ಬೀಗಿತ್ತಿ ಕೇಳುತ್ತಲೇ ಇದ್ದಳು. ಒಮ್ಮೆ ನಾನು ಹೋದಾಗಲೂ ಬಾಗಿಲಿಗೆ ಬಂದು ನಿಂತಳು.

"ಸೊಸಿನ್ನ ಯಾವಾಗ ಕಳಸ್ತೀರಿ ಬೀಗರ?"

"ಹಾಸು ಮುಗೀಲಿ ತಂಗಿ. ಮಗ್ಗದ ಮ್ಯಾಲೆ ಹಾಸು ಐತಿ."

ನೇಕಾರರ ಮನೆಯವರಿಗೆ ಈ ಮಾತಿನ ಅರ್ಥ ಗೊತ್ತು. ಮಗ್ಗದ ಮೇಲೆ ಉದ್ದಕ್ಕೆ ಹೂಡಿದ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಹೊಸೆದು ಜೋಡಿಸುತ್ತಾರೆ. ಮಾಡುವವರಿಗೆ ಮನಸ್ಸಿದ್ದರೆ ಅದು ಮುಗಿಯುವುದೇ ಇಲ್ಲ.

"ಎಂಥ ಹಾಸ್ರಿ ಅದು? ಪುಷ್ಕರದ ಮಟಾ ಬರತೈತೇನು?" ಎಂದಳು ಬೀಗಿತ್ತಿ.

"ಬಂದ್ರ ಬರಲಿ ತಂಗಿ. ನಾ ಇಲ್ಲೇ ಅದೀನಲ್ಲ."

ಅವಳು ಹೋದ ಮೇಲೆ ಮಾಸ್ತರರು ಗೋಡೆಗೆ ಒರಗಿದರು. ಬಹಳ ಇಳಿದುಹೋಗಿದ್ದರು. ಸಾಹೇಬರು ಎರಡು ಸಲ ಹಾಡಲು ಕರೆಸಿದ್ದರಂತೆ, ಗಂಟಲು ಕೆಟ್ಟಿದೆ ಎಂದು ತಪ್ಪಿಸಿಕೊಂಡಿದ್ದರು. ಅದು ಸುಳ್ಳಾಗಿರಲಿಲ್ಲ. ಮಾತು ಮಾತಿಗೂ ಕೆಮ್ಮು ಬರುತ್ತಿತ್ತು. ನಾರಾಯಣಪೇಟೆಗೆ ಒಮ್ಮೆ ಬಂದು ಹೋಗಿ ಎಂದೆ.

"ಬ್ಯಾಡಪಾ. ನಾ ಅಲ್ಲಿಗೆ ಬಂದ್ರ ಇವರೂ ಬೆನ್ನ ಹತ್ತಿ ಬರತಾರ. ಹಬ್ಬಕ್ಕ ಅಂತಾರ, ಕರಕೊಂಡು ಹೋಗತೀವಿ ಅಂತಾರ. ನಾ ಇಲ್ಲಿದ್ರ ಇವರೂ ಇಲ್ಲೇ ಇರತಾರ." ಸ್ವಲ್ಪ ಸುಧಾರಿಸಿಕೊಂಡು, "ದೂರ ಇರೋದೂ ಒಂದು ಕೆಲಸ ನೋಡು. ಕುಂತಲ್ಲೇ ದಣಿವು ಆಗತೈತಿ," ಎಂದರು.

ಖುರ್ದಾದ್ ತಿಂಗಳು, ನಮ್ಮ ಚೈತ್ರದ ಬಿಸಿಲಿನಲ್ಲಿ ಸುದ್ದಿ ಬಂತು. ಮಧ್ಯಾಹ್ನ ಶಾಲೆಯಿಂದ ಬಂದು ಮಲಗಿದವರು ಏಳಲಿಲ್ಲ. ನಾನೂ ಶೆಟ್ಟರೂ ಅಕ್ಕನನ್ನು ಕರೆದುಕೊಂಡು ಹೋದೆವು. ಹೊಳೆ ಬತ್ತಿ ಬಂಡೆಗಳು ಎದ್ದಿದ್ದವು. ಅರ್ಧ ನಡೆದು, ಅರ್ಧ ಹರಿಗೋಲಿನಲ್ಲಿ ದಾಟಿದೆವು. ಮಣ್ಣು ಮಾಡಿ ಬಂದ ಮೇಲೆ ಬೀಗಿತ್ತಿ ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ದನಿಯಲ್ಲಿ ಬಿರುಸಿರಲಿಲ್ಲ. ನಿಜವಾಗಿಯೂ ಅತ್ತಿದ್ದಳು.

"ಇನ್ನ ಅಲ್ಲಿ ನಿನಗ ಯಾರದಾರವ್ವಾ? ಕೋಣಿ ಹಂಗ ಐತಿ. ಇಲ್ಲೇ ಇರು."

ಎಲ್ಲರೂ ಅಕ್ಕನ ಕಡೆ ನೋಡಿದರು. ನಾನು ಶೆಟ್ಟರ ಕಡೆ ನೋಡಿದೆ. ಅವರು ಟೋಪಿ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರು. ಅಕ್ಕ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಅತ್ತೀ, ನೀವು ಕರದ್ರಿ, ನನಗ ಸಿಟ್ಟಿಲ್ಲ. ಆದ್ರ ನಾ ಇಲ್ಲಿ ಉಳದೆ ಅಂದ್ರ ಅಪ್ಪ ಇಲ್ಲಿಗೆ ಬಂದು ಸತ್ತದ್ದು ಯಾತಕ್ಕ?"

ಬೀಗಿತ್ತಿ ಎದ್ದು ಒಳಗೆ ಹೋದಳು. ಬುತ್ತಿ ಕಟ್ಟಿಕೊಟ್ಟಳು. ಅಷ್ಟು ದೊಡ್ಡ ಮನಸ್ಸು ಅವಳಿಗೆ ಆ ದಿನ ಬಂತು.

ಈಗ ಅವರ ತರಗತಿ ನನಗೆ ಬಂದಿದೆ. ಮಕ್ಕಳಿಗೆ ಉರ್ದುವಿನಲ್ಲಿ ತಿಳಿಯದಿದ್ದರೆ ಬಾಗಿಲ ಕಡೆ ಒಮ್ಮೆ ನೋಡಿ ಕನ್ನಡದಲ್ಲಿ ಹೇಳುತ್ತೇನೆ. ಆ ಖಾಲಿ ಹಾದಿಗಳ ಬಗ್ಗೆ ಮಕ್ಕಳು ಕೇಳಿದರೆ, ನನಗೂ ಪೂರಾ ಗೊತ್ತಿಲ್ಲ ಎಂದು ಹೇಳುತ್ತೇನೆ. ಹಾಗೆ ಹೇಳುವ ಧೈರ್ಯ ಅವರಿಂದ ಬಂದದ್ದು. ಆ ಋಣ ತೀರಿಸುವ ಬಗೆ ತಿಳಿಯದೆ ಈ ಪುಟಗಳನ್ನು ಬರೆದಿದ್ದೇನೆ. ಬರೆದು ದಣಿವು ಕಡಿಮೆಯಾಗಲಿಲ್ಲ. ಶಾಲೆ ಬಿಟ್ಟು ಆ ಓಣಿಯಲ್ಲಿ ಬರುವಾಗ ಪಡಸಾಲೆಯಲ್ಲಿ ಅಕ್ಕನ ಮಗ್ಗ ಆಡುತ್ತಿರುತ್ತದೆ. ಒಳಗೆ ಹೋಗಿ ಏನೂ ಕೇಳುವುದಿಲ್ಲ. ಆ ಸದ್ದು ಇದೆ ಎಂದು ತಿಳಿದುಕೊಂಡು ಮನೆಗೆ ಹೋಗುತ್ತೇನೆ.